ಅಮ್ಮನ ದವಡೆ ನೋವಿಗೆ

ಪ್ರೀತಿಯ ಅಮ್ಮ,

ನಮಸ್ಕಾರ. ನಾನು ಆರಾಮವಾಗಿದ್ದೇನೆ. ಅಪ್ಪನೂ ಹಾಗೇ ಇರಬೇಕು ಅಂದುಕೊಂಡಿದ್ದೇನೆ.

ಪುಟ್ಟಿಯ ಕಾಗದ ನಿನ್ನೆ ಬಂತು. ಬೆಳಗ್ಗೆ ಎದ್ದರೆ ನಿನ್ನ ದವಡೆ ಬಿಗಿದುಕೊಂಡಿರುತ್ತಂತೆ. ಅದಕ್ಕೆ ಯಾರದೋ ಮಾತು ಕೇಳಿ ಕ್ಯಾಲ್ಸಿಯಂ ಮಾತ್ರೆ ಎರಡರಷ್ಟು ನುಂಗುತ್ತಿದ್ದೀಯಂತೆ. ಬೇಡಮ್ಮ. ಡಾಕ್ಟರ್ ಹೇಳಿದಷ್ಟೇ ತಗೋ.

ನಾನು ಇಲ್ಲಿ ಲ್ಯಾಬಿನಲ್ಲಿ ದಿನವಿಡೀ ನೋಡುವುದು ದವಡೆ ಸ್ನಾಯುವಿನ ಜೀವಕೋಶಗಳನ್ನೇ ಅಲ್ವಾ, ನನ್ನ ಮಾತು ಕೇಳು. ಪ್ರತಿ ಕೋಶದೊಳಗೂ ಕ್ಯಾಲ್ಸಿಯಂ ತುಂಬಿಟ್ಟ ಒಂದು ಉಗ್ರಾಣ ಇರುತ್ತದೆ. ನೀನು ಹಲ್ಲು ಕಚ್ಚಿದಾಗ ಅದರ ಬಾಗಿಲು ತೆರೆದು ಕ್ಯಾಲ್ಸಿಯಂ ಚೆಲ್ಲುತ್ತದೆ, ಸ್ನಾಯು ಬಿಗಿಯುತ್ತದೆ. ಪಂಪುಗಳು ಅದನ್ನು ವಾಪಸ್ ಎಳೆದುಕೊಂಡಾಗ ಸಡಿಲವಾಗುತ್ತದೆ. ಸ್ನಾಯು ಸುಮ್ನೆ ಇರುವಾಗ ಕೋಶದೊಳಗೆ ಓಡಾಡುವ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಾತ್ರೆ ಜಾಸ್ತಿ ನುಂಗಿದರೆ ಆ ಬಾಗಿಲು, ಪಂಪು ಸರಿಹೋಗುವುದಿಲ್ಲ.

ಈ ನೋವು ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನಿನ ಮೇಲೆ ನಮ್ಮ ಕಣ್ಣು ಬಿದ್ದಿದ್ದು ಅದಕ್ಕೇ. ಕೆಲವು ಬಗೆಯ ಕೋಶಗಳಲ್ಲಿ ಈ ಹಾರ್ಮೋನು ತಾಕಿದ ಕೆಲವೇ ಸೆಕೆಂಡಿನಲ್ಲಿ ಕ್ಯಾಲ್ಸಿಯಂ ಏರುತ್ತದೆ. ದವಡೆಯ ಕೋಶದಲ್ಲಿ ಏನಾಗುತ್ತದೆ ಅಂತ ನಾವು ನೋಡುತ್ತಿದ್ದೇವೆ. ಕ್ಯಾಲ್ಸಿಯಂ ಏರಿದರೆ ಹೊಳೆಯುವ ಬಣ್ಣ ಹಾಕಿರುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಹಸಿರು ಬೆಳಕು ಮಿನುಗುವುದನ್ನು ನಿನಗೆ ತೋರಿಸಬೇಕು ಅನ್ನಿಸುತ್ತದೆ. ಇನ್ನೊಂದು ವಿಚಿತ್ರ ಕೇಳು. ಕೋಶ ಬೆಳೆಸುವ ದ್ರಾವಣಕ್ಕೆ ಫೀನಾಲ್ ರೆಡ್ ಅನ್ನೋ ಬಣ್ಣ ಬೆರೆಸಿರುತ್ತಾರೆ. ಆ ಬಣ್ಣವೇ ಒಂಚೂರು ಈಸ್ಟ್ರೋಜನ್ ಥರ ಕೆಲಸ ಮಾಡುತ್ತದೆ! ಅದಕ್ಕೆ ನಮ್ಮದು ಬಣ್ಣವಿಲ್ಲದ ದ್ರಾವಣ. ಇಷ್ಟು ಚೊಕ್ಕ ಕೆಲಸ ಕಲಿತಿದ್ದಕ್ಕೆ ನನಗೆ ಹೆಮ್ಮೆ ಇದೆ.

ಹಾಗಂತ ಯಾರಾದರೂ ಹಾರ್ಮೋನ್ ಮಾತ್ರೆ ತಗೋ ಅಂದರೆ ತಗೋಬೇಡ. ತಟ್ಟೆಯಲ್ಲಿರುವ ಕೋಶವೇ ಬೇರೆ, ನೀನೇ ಬೇರೆ. ಬಿಸಿ ಬಟ್ಟೆಯ ಶಾಖ ಕೊಡು. ಗಟ್ಟಿ ಪದಾರ್ಥ ಅಗಿಯಬೇಡ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯಾ ಅಂತ ಅಪ್ಪನನ್ನು ಕೇಳು, ಹೌದಾದರೆ ದಂತವೈದ್ಯರಿಗೆ ಹೇಳು.

ಒಂದೇ ಒಂದು ಮಾತು. ದವಡೆ ನೋವಿನ ಜೊತೆ ಎದೆ ಹಿಸುಕಿದ ಹಾಗಾದರೆ, ಬೆವರಿದರೆ, ಉಸಿರು ಕಟ್ಟಿದರೆ ಕಾಯಬೇಡ. ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಹೃದಯದ ನೋವಿರಬಹುದು. ನಿನಗೆ ಹಾಗೇನೂ ಇಲ್ಲ ಬಿಡು, ಬರೀ ಸ್ನಾಯು ಬಿಗಿತ. ಖಂಡಿತ ಏನೂ ಇಲ್ಲ. ಹೆದರಬೇಡ. ನಾನೂ ಹೆದರಿಲ್ಲ. ಆದರೂ ಈ ವಾರವೇ ತೋರಿಸಿ, ಏನಂದರು ಅಂತ ಪುಟ್ಟಿ ಕೈಲಿ ಬರೆಸು.

ಕೋಶಗಳನ್ನು ಹೊರತೆಗೆಯುವ ಹೊತ್ತಾಯಿತು, ಓಡುತ್ತೇನೆ.

ನಿನ್ನ ಮಗಳು