ಹುಲ್ಲುಹಾಸಿನ ಜಾಗಕ್ಕೆ ನೆಲಹಿಪ್ಪಲಿ ಬರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಮುಂದೆ ಚೂರು ಮಣ್ಣು ಉಳಿದಿದ್ದರೆ ಅಲ್ಲಿಗೆ ಬರುವುದು ಎರಡೇ: ಇಲ್ಲಾ ಸಿಮೆಂಟ್ ಬ್ಲಾಕು, ಇಲ್ಲಾ ಮೆಕ್ಸಿಕನ್ ಹುಲ್ಲು. ನೋಡೋಕೆ ಅಚ್ಚುಕಟ್ಟು, ನಿಜ. ಆದರೆ ಜೇನಿಗೆ ಅಲ್ಲಿ ಒಂದು ತೊಟ್ಟು ಮಕರಂದವೂ ಇಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕುಡಿಸಿ ಆ ಹುಲ್ಲನ್ನು ಸಾಕುವವರೂ ಇದ್ದಾರೆ!

ಕಾಡುಗಿಡ ಬಿಟ್ಟರೆ ಪೊದೆ ಬೆಳೆದು ಹಾವು ಸೇರ್ಕೊಳ್ಳುತ್ತೆ ಅನ್ನುವವರಿಗೆ ನೆಲಹಿಪ್ಪಲಿ ಹೇಳಿ ಮಾಡಿಸಿದ ಗಿಡ. ಕೆರೆ ಏರಿ, ಗದ್ದೆ ಬದುಗಳಲ್ಲಿ ತಾನಾಗಿ ಹಬ್ಬುವ ನಮ್ಮದೇ ಗಿಡ ಇದು. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ. ತುಳಿದರೂ ಕತ್ತರಿಸಿದರೂ ಮತ್ತೆ ಚಿಗುರುತ್ತದೆ, ವರ್ಷ ವರ್ಷ ಬಿತ್ತುವ ತಾಪತ್ರಯವಿಲ್ಲ. ಹೂವನ್ನು ಮಾತ್ರ ಬಗ್ಗಿ ನೋಡಬೇಕು. ಕಡ್ಡಿಯ ತುದಿಯಲ್ಲಿ ಕಡಲೆಕಾಳಿನಷ್ಟು ನೇರಳೆ ಗುಬಟು, ಅದರ ಸುತ್ತ ಪುಟಾಣಿ ಬಿಳಿ ಹೂಗಳು. ಕೆಳಗಿನ ಸುತ್ತು ಬಾಡುವಷ್ಟರಲ್ಲಿ ಮೇಲಿನ ಸುತ್ತು ಅರಳಿರುತ್ತದೆ. ಕೋಲುಜೇನು, ತುಡುವೆ ಜೇನು, ಪುಟ್ಟ ನೀಲಿ ಚಿಟ್ಟೆಗಳಿಗೆ ಊಟ ತಪ್ಪುವುದಿಲ್ಲ. (ಬರಿಗಾಲಲ್ಲಿ ಓಡಾಡುವವರು ನೋಡಿಕೊಂಡು ಹೆಜ್ಜೆ ಇಡಬೇಕು, ಅಷ್ಟೇ.)

ಮಳೆಗಾಲದ ಶುರುವಿನಲ್ಲಿ ಗೆಣ್ಣಿರುವ ತುಂಡುಗಳನ್ನು ಬಿಸಿಲು ಬೀಳುವ ಕಡೆ ಊರಿದರೆ ಸಾಕು. ಹಬ್ಬುವ ಗಿಡವಾದ್ದರಿಂದ ಅಂಚಿಗೆ ಒಂದು ಸಾಲು ಇಟ್ಟಿಗೆ ಹೂಳಿ. ಪಕ್ಕದಲ್ಲೇ ಒಂದಿಷ್ಟು ಬರಿ ಮಣ್ಣನ್ನೂ ಬಿಡಿ. ನೀಲಿ ಪಟ್ಟೆಯ ಒಂಟಿ ಜೇನು ಮಣ್ಣಿನಲ್ಲೇ ಗೂಡು ಕೊರೆಯುತ್ತದೆ. ಟೊಮೆಟೊ, ಬದನೆ ಹೂವನ್ನು ಗುಂಯ್ ಅಂತ ನಡುಗಿಸಿ ಪರಾಗ ಉದುರಿಸುವ ಜಾಣ ಅದು. ತುಡುವೆಗೆ ಆ ವಿದ್ಯೆ ಬರುವುದಿಲ್ಲ.

ನರ್ಸರಿಗಳಲ್ಲಿ ನೆಲ ಮುಚ್ಚುವ ಗಿಡ ಕೇಳಿದರೆ ಹಳದಿ ಹೂವಿನ ಸಿಂಗಪುರ ಡೈಸಿ ಕೊಟ್ಟು ಕಳಿಸುವುದುಂಟು. ಹೆಸರಷ್ಟೇ ಸಿಂಗಪುರ, ಅದರ ತವರು ಅಮೆರಿಕ ಖಂಡ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಕ್ಕೂ ಜಾಗ ಸಿಕ್ಕಿದೆ. ದಯವಿಟ್ಟು ಅದನ್ನು ಮನೆಗೆ ತರಬೇಡಿ.

ತೋಟಗಾರಿಕೆ ಇಲಾಖೆಗೆ ಒಂದು ಮನವಿ. ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯ ದಿನಕ್ಕೆ ನಡೆಯುವ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಒಂದು ಮಡಿಯನ್ನು ನೆಲಹಿಪ್ಪಲಿಗೆ ಕೊಡಿ, ಸಸಿಯನ್ನೂ ಅಲ್ಲೇ ಮಾರಾಟಕ್ಕಿಡಿ. ಅಲ್ಲಿ ಕಂಡ ಗಿಡವನ್ನು ತಮ್ಮ ಮನೆ ಮುಂದೆಯೂ ಬೆಳೆಸುವವರು ಜಾಸ್ತಿ, ಅಲ್ವಾ?

ಇಂತಿ,
ನಿಮ್ಮ ಓದುಗ, ಬೆಂಗಳೂರು