ಗುಂಡಿ ತೋಡುವ ಮೊದಲು ಬಕೆಟ್ ಎಣಿಸಿ

ಮಾನ್ಯ ಸಂಪಾದಕರೇ,

ವಿಶ್ವ ಪರಿಸರ ದಿನವಾದ ಜೂನ್ 5 ಬಂತೆಂದರೆ ನಿಮ್ಮದೂ ಸೇರಿ ಎಲ್ಲ ಪತ್ರಿಕೆಗಳಲ್ಲಿ ಅದೇ ಚಿತ್ರ: ಒಂದು ಸಸಿ, ಅದನ್ನು ಮುಟ್ಟಿದ ಹತ್ತು ಕೈ, ಹಿಂದೊಂದು ಬ್ಯಾನರ್. ಕ್ರೀಡಾ ತಂಡವೋ, ಯುವಕ ಸಂಘವೋ, ಕಾಲೇಜಿನ ಸೇವಾ ಘಟಕವೋ, ಹೆಸರು ಏನೇ ಇರಲಿ, ತಮ್ಮನ್ನು ಬೆಳೆಸಿದ ಜನರಿಗೆ ಏನಾದರೂ ಮಾಡೋಣ ಎಂದು ಹೊರಡುವ ಹುಡುಗ ಹುಡುಗಿಯರ ಆಸೆ ಸುಳ್ಳಲ್ಲ. ಎಡವಟ್ಟಾಗುವುದು ಲೆಕ್ಕದಲ್ಲಿ. ಮೊದಲ ದಿನ ಎಷ್ಟು ಮಂದಿ ಬರುತ್ತಾರೆ ಎಂದು ನೋಡಿ ಕೆಲಸದ ಗಾತ್ರ ನಿಗದಿ ಮಾಡುತ್ತಾರೆ. ಆರನೇ ತಿಂಗಳಲ್ಲಿ ಎಷ್ಟು ಮಂದಿ ಉಳಿದಿರುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಸಸಿಯ ಮಾತನ್ನೇ ಮೊದಲು ಆಡೋಣ. ನೂರು ಸಸಿ ಎಂದರೆ ಬ್ಯಾನರಿಗೇನೋ ಚೆಂದ. ಆದರೆ ಮಳೆಯಿಲ್ಲದ ದಿನಗಳಲ್ಲಿ ಹೊಸ ಸಸಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ಸುಮಾರು 10 ಲೀಟರ್ ನೀರು ಬೇಕು. ನೂರು ಸಸಿಗೆ ವಾರಕ್ಕೆ 2,000 ಲೀಟರ್, ಅಂದರೆ 200 ಬಕೆಟ್. ತುಂಬಿದ ಬಕೆಟ್ಟಿನ ತೂಕ 10 ಕಿಲೋ ದಾಟುತ್ತದೆ. ನಲ್ಲಿಯಿಂದ ಸಸಿಗೆ 100 ಮೀಟರ್ ದೂರ ಎಂದಿಟ್ಟುಕೊಂಡರೆ, ಎರಡು ಕೈಗೆ ಎರಡು ಬಕೆಟ್ ಹಿಡಿದರೂ 100 ಸುತ್ತು, ಹೋಗುವುದು ಬರುವುದು ಸೇರಿ 20 ಕಿಲೋಮೀಟರ್ ನಡಿಗೆ. ಪರೀಕ್ಷೆಯ ತಿಂಗಳಲ್ಲಿ ತಂಡದಲ್ಲಿ ಎಂಟು ಜನ ಉಳಿದರೆ ಹೆಚ್ಚು. ಅದೇ 20 ಸಸಿ ನೆಟ್ಟಿದ್ದರೆ ವಾರಕ್ಕೆ 40 ಬಕೆಟ್ ಸಾಕು, ತಲೆಗೆ ಐದು ಬಿದ್ದೀತು. ಇದು ಆಗುವ ಹೋಗುವ ಮಾತು. ಆದ್ದರಿಂದ ಎಷ್ಟು ಸಸಿ ಎಂಬುದನ್ನು ನರ್ಸರಿಯವರು ಎಷ್ಟು ಪುಕ್ಕಟೆ ಕೊಟ್ಟರು ಎಂದು ನೋಡಿ ತೀರ್ಮಾನಿಸಬಾರದು. ಬೇಸಿಗೆಯಲ್ಲಿ ಬಕೆಟ್ ಹಿಡಿಯುವ ಕೈ ಎಷ್ಟು ಎಂದು ನೋಡಿ ತೀರ್ಮಾನಿಸಬೇಕು. ನೀರಿನ ಸರದಿ ಒಂದು ಬೇಸಿಗೆಗೆ ಮುಗಿಯುವುದೂ ಇಲ್ಲ, ಎರಡನೆಯದಕ್ಕೂ ಬೇಕು. ಬದುಕಿತು ಬಿಡು ಎಂದು ಎಲ್ಲರೂ ಕೈ ತೊಳೆದುಕೊಂಡ ಮೇಲೆ, ಆ ಎರಡನೇ ಬೇಸಿಗೆಯಲ್ಲಿ ಒಣಗುವ ಸಸಿಗಳೂ ಇವೆ.

ಗುಂಡಿಯಲ್ಲೂ ತಪ್ಪುತ್ತಾರೆ. ಆಳವಾದಷ್ಟೂ ಒಳ್ಳೆಯದು ಎಂದು ಸೊಂಟದವರೆಗೆ ತೋಡಿ, ಅರ್ಧ ಸಡಿಲ ಮಣ್ಣು ತುಂಬಿ, ಮೇಲೆ ಸಸಿ ಇಡುತ್ತಾರೆ. ನಾಲ್ಕು ಮಳೆಗೆ ಆ ಮಣ್ಣು ಕುಸಿಯುತ್ತದೆ, ಸಸಿಯೂ ಅದರ ಜೊತೆ ಇಳಿಯುತ್ತದೆ, ಬೇರು ಕಾಂಡ ಕೂಡುವ ಕೊರಳು ಮಣ್ಣಿನಡಿ ಹೂತು ಕೊಳೆಯಲು ಶುರುವಾಗುತ್ತದೆ. ಗುಂಡಿಯ ಆಳ ಬೇರಿನ ಮುದ್ದೆಯಷ್ಟಿದ್ದರೆ ಸಾಕು, ಅಗಲ ಮಾತ್ರ ಅದರ ಎರಡು ಮೂರು ಪಟ್ಟು ಇರಲಿ. ಜೇಡಿಮಣ್ಣಾದರೆ ಗುದ್ದಲಿಯ ಏಟಿಗೆ ಗುಂಡಿಯ ಗೋಡೆ ಗಾರೆ ಮಾಡಿದಂತೆ ನುಣುಪಾಗುತ್ತದೆ. ಬೇರು ಅದಕ್ಕೆ ತಾಗಿ ಒಳಗೇ ಸುತ್ತತೊಡಗುತ್ತದೆ, ಹಾಗಾಗಿ ಹಾರೆಯ ತುದಿಯಿಂದ ಗೋಡೆಯನ್ನು ಕೆರೆದು ಒರಟು ಮಾಡಬೇಕು. ಹಿಂದಿನ ದಿನ ಗುಂಡಿ ತುಂಬ ನೀರು ಸುರಿದು ಬನ್ನಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಜಾಗ ಬೇಡ.

ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಸೀಳಿ ತೆಗೆಯಿರಿ. ಇದನ್ನೂ ಹೇಳಬೇಕೇ ಅನ್ನಿಸಬಹುದು, ಆದರೆ ಸತ್ತ ಸಸಿ ಕಿತ್ತು ನೋಡಿದಾಗ ಚೀಲ ಹಾಗೇ ಸಿಗುವುದು ಅಪರೂಪವೇನಲ್ಲ. ಚೀಲದೊಳಗೆ ಸುರುಳಿ ಸುತ್ತಿಕೊಂಡ ಬೇರನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ನೆಟ್ಟ ಮೇಲೆ ಬುಡದ ಸುತ್ತ ತರಗೆಲೆ ಅಥವಾ ಒಣಹುಲ್ಲನ್ನು ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಆಸರೆ ಕೋಲಿಗೆ ಕಟ್ಟುವ ದಾರ ಎಂಟರ ಆಕಾರದಲ್ಲಿ ಸಡಿಲವಾಗಿರಲಿ, ತಂತಿಯಂತೂ ಬೇಡವೇ ಬೇಡ. ವರ್ಷ ತುಂಬಿದ ಮೇಲೆ ಅದನ್ನು ಬಿಚ್ಚಲು ಒಬ್ಬರ ಹೆಸರು ಬರೆದಿಡಿ. ಬಿಚ್ಚದ ದಾರ ಕಾಂಡದೊಳಗೆ ಹೂತು ಮರದ ಕುತ್ತಿಗೆ ಹಿಸುಕುತ್ತದೆ. ತಲೆ ಎತ್ತಿದರೆ ವಿದ್ಯುತ್ ತಂತಿ, ಕೆಳಗೆ ಅಗೆದರೆ ನೀರಿನ ಪೈಪು ಇರುವ ಕಡೆ ನೆಟ್ಟು, ಮುಂದೆ ಕಡಿಸಿಕೊಳ್ಳುವುದಕ್ಕಿಂತ ನೆಡದಿರುವುದೇ ಲೇಸು.

ಇನ್ನು ಆ ದಿನದ ಗದ್ದಲ. ನಲವತ್ತು ಜನ, ನಾಲ್ಕು ಗುದ್ದಲಿ. ಉಳಿದವರ ಕೈಯಲ್ಲಿ ಮೊಬೈಲು. ಮೂವರಿಗೆ ಒಂದು ಸಲಕರಣೆ ಎಂಬುದು ಸರಿಯಾದ ಅಳತೆ: ಒಬ್ಬರು ಅಗೆಯಲಿ, ಒಬ್ಬರು ಮಣ್ಣು ಎತ್ತಲಿ, ಒಬ್ಬರು ದಣಿವಾರಿಸಿಕೊಳ್ಳಲಿ, ಹದಿನೈದು ನಿಮಿಷಕ್ಕೊಮ್ಮೆ ಬದಲಾಗಲಿ. ಅಷ್ಟು ಸಲಕರಣೆ ಇಲ್ಲದಿದ್ದರೆ ಜನರನ್ನು ಎರಡು ಪಾಳಿ ಮಾಡಿ. ಬೆಳಗಿನ ಕೆಲಸವನ್ನು ಎರಡೂವರೆ ತಾಸು ದಾಟಿಸಬೇಡಿ, ಆಮೇಲೆ ಆಗುವುದು ಕೆಲಸಕ್ಕಿಂತ ಗಾಯವೇ ಹೆಚ್ಚು. ತಲೆಗೆ ಒಂದು ಲೀಟರಿಗೆ ಕಡಿಮೆಯಾಗದಂತೆ ಕುಡಿಯುವ ನೀರು, ಚಪ್ಪಲಿಯ ಬದಲು ಮುಚ್ಚಿದ ಶೂ, ಬ್ಯಾಂಡೇಜು ಮತ್ತು ಸೋಪು ಇರುವ ಒಂದು ಡಬ್ಬಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಲು ಒಂದು ಗಾಡಿ. ಮಕ್ಕಳಿದ್ದರೆ ಎಂಟು ಹತ್ತು ಜನಕ್ಕೆ ಒಬ್ಬ ದೊಡ್ಡವರು. ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ತಲೆ ಎಣಿಸುವುದು ಆ ಒಬ್ಬರ ಕೆಲಸ, ಬೇರೇನನ್ನೂ ಅವರ ತಲೆಗೆ ಕಟ್ಟಬೇಡಿ.

ಅನುಮತಿಯ ಬಗ್ಗೆ ಒಂದು ಮಾತು. "ಮಾಡ್ರಪ್ಪಾ, ಒಳ್ಳೇ ಕೆಲಸ" ಎಂದು ಬಾಯಲ್ಲಿ ಹೇಳಿದ ಅಧಿಕಾರಿ ಮೂರು ತಿಂಗಳಿಗೆ ವರ್ಗವಾಗುತ್ತಾರೆ, ಹೊಸಬರು ಬಂದು ಗಿಡ ಯಾರು ಹಾಕಿದ್ದು ಎನ್ನುತ್ತಾರೆ. ಜಾಗ, ದಿನ, ಹೊತ್ತು, ನಲ್ಲಿಯ ಕೀಲಿ ಯಾರ ಬಳಿ, ಕಸದ ಗಾಡಿ ಎಷ್ಟು ಗಂಟೆಗೆ, ಆಮೇಲೆ ನೋಡಿಕೊಳ್ಳುವವರು ಯಾರು, ಇಷ್ಟು ಒಂದು ಹಾಳೆಯಲ್ಲಿ ಇರಲಿ, ಅದಕ್ಕೊಂದು ಸಹಿ ಬೀಳಲಿ. ಅದಕ್ಕೂ ಮೊದಲು ಆ ಜಾಗವನ್ನು ದಿನಾ ಗುಡಿಸುವವರನ್ನು ಮಾತಾಡಿಸಿ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಹೊತ್ತಿಗೆ ದನ ಬರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ.

ಸ್ವಚ್ಛತಾ ಕೆಲಸದಲ್ಲಿ ಕಸ ಎತ್ತುವುದು ಸುಲಭ, ಎತ್ತಿದ್ದನ್ನು ಸಾಗಿಸುವುದೇ ಕಷ್ಟ. ಮಧ್ಯಾಹ್ನಕ್ಕೆ ಮೂವತ್ತು ಚೀಲ ಕಟ್ಟಿ ರಸ್ತೆಬದಿ ಸಾಲಾಗಿ ಇಟ್ಟು ಫೋಟೊ ತೆಗೆಸಿಕೊಂಡು ಹೋದರೆ, ಸಂಜೆಯೊಳಗೆ ನಾಯಿ ಹರಿದು ಹಾಕಿರುತ್ತದೆ. ಗಾಡಿ ಬರುವ ಹೊತ್ತು ಖಚಿತವಾದ ಮೇಲೆಯೇ ಕೆಲಸದ ಹೊತ್ತು ಗೊತ್ತುಮಾಡಿ. ಹಸಿ ಕಸದ ಚೀಲ ಎಂಟು ಕಿಲೋ ದಾಟಬಾರದು. ದಾಟಿದರೆ ಚೀಲ ಹರಿಯುತ್ತದೆ, ಇಲ್ಲವೇ ಎತ್ತಿದವರ ಸೊಂಟ ಹಿಡಿಯುತ್ತದೆ. ಬೇರ್ಪಡಿಸುವುದನ್ನು ಎತ್ತುವಾಗಲೇ ಮಾಡಬೇಕು. ಒಮ್ಮೆ ಬೆರೆತ ಕಸವನ್ನು ಯಾರೂ ಮತ್ತೆ ಬಿಚ್ಚುವುದಿಲ್ಲ.

ಒಡೆದ ಗಾಜು ಮತ್ತು ಸೂಜಿಯ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ. ಮಕ್ಕಳು ಮುಟ್ಟಕೂಡದು, ಕಂಡ ಕೂಡಲೇ ನಿಂತು ದೊಡ್ಡವರನ್ನು ಕೂಗಬೇಕು. ರಬ್ಬರ್ ಕೈಗವಸು ಸೂಜಿಯನ್ನು ತಡೆಯುವುದಿಲ್ಲ. ಗಟ್ಟಿ ಗೋಡೆಯ, ತಿರುಪಿನ ಮುಚ್ಚಳದ ಡಬ್ಬಿಯನ್ನು ಸೂಜಿಯ ಪಕ್ಕಕ್ಕೆ ಒಯ್ದು ನೆಲದ ಮೇಲಿಡಿ, ಇಕ್ಕಳದಿಂದ ಸೂಜಿಯ ಹಿಂಭಾಗ ಹಿಡಿದು ಮೊನೆ ಕೆಳಗಾಗಿ ಒಳಗೆ ಬಿಡಿ. ಆಗ ಡಬ್ಬಿಯನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದಿರಬಾರದು, ಸೂಜಿ ಅವರ ಕೈಗೆ ಚುಚ್ಚೀತು. ಸೂಜಿಗೆ ಅದರ ಟೋಪಿ ತೊಡಿಸಲೂ ಹೋಗಬಾರದು. ಚುಚ್ಚಿಯೇಬಿಟ್ಟರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಹಿಸುಕದೆ, ಬಾಯಲ್ಲಿ ಹೀರದೆ ನೇರ ಆಸ್ಪತ್ರೆಗೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಪ್ರಯೋಜನವಿಲ್ಲ. ಸೋಮವಾರ ನೋಡೋಣ ಎನ್ನುವ ಮಾತೇ ಇಲ್ಲ.

ಎತ್ತಿದ್ದನ್ನು ಎಣಿಸುವ ಒಂದು ಸಣ್ಣ ಅಭ್ಯಾಸ ಬೆಳೆದರೆ ಈ ಕೆಲಸದ ರುಚಿಯೇ ಬೇರೆ. ಒಬ್ಬರು ಹಾಳೆ ಹಿಡಿದು ಕಾಗದದ ಲೋಟ, ಪೊಟ್ಟಣ, ಬಾಟಲಿ ಎಂದು ಗೀಟು ಹಾಕುತ್ತಾ ಹೋಗಲಿ, ಸಿಕ್ಕ ಜಾಗವನ್ನೂ ಗುರುತಿಸಲಿ. ಅರ್ಧದಷ್ಟು ಲೋಟ ಒಂದೇ ತಿರುವಿನಲ್ಲಿ ಸಿಕ್ಕಿದರೆ ಅಲ್ಲೊಂದು ಕಸದ ಡಬ್ಬಿ ಬೇಕು ಎಂದೇ ಅರ್ಥ. ಆ ಹಾಳೆಯನ್ನು ಸ್ಥಳೀಯ ಆಡಳಿತದ ಮೇಜಿನ ಮೇಲಿಟ್ಟರೆ ಭಾಷಣಕ್ಕಿಂತ ಬೇಗ ಕೆಲಸವಾಗುತ್ತದೆ.

ರಕ್ತದಾನ ಶಿಬಿರದ ಎಡವಟ್ಟು ಇನ್ನೊಂದು ಬಗೆಯದು. ಜೂನ್ 14ರ ವಿಶ್ವ ರಕ್ತದಾನಿಗಳ ದಿನ ಎಲ್ಲ ತಂಡಗಳೂ ಒಟ್ಟಿಗೆ ಮುಗಿಬೀಳುತ್ತವೆ. ಕೆಂಪು ರಕ್ತಕಣ ಶೀತಲ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 42 ದಿನ ಉಳಿಯುತ್ತದೆ. ಪ್ಲೇಟ್‌ಲೆಟ್ಟಿಗೆ ಸಾಮಾನ್ಯವಾಗಿ 5 ದಿನ, ಅದೂ ಕೋಣೆಯ ಉಷ್ಣಾಂಶದಲ್ಲಿ ಅಲುಗಾಡಿಸುತ್ತಲೇ ಇಟ್ಟರೆ. ಕೊಟ್ಟವರು ಮತ್ತೆ ಕೊಡಲು ಗಂಡಸರಾದರೆ 12 ವಾರ, ಹೆಂಗಸರಾದರೆ 16 ವಾರ ಕಾಯುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಂತರ. ಅಂದರೆ ಒಂದೇ ದಿನ ಎಲ್ಲರೂ ಕೊಟ್ಟರೆ ಆ ವಾರ ತುಂಬಿ ತುಳುಕಿ, ಎರಡು ತಿಂಗಳ ನಂತರ ಬೇಕೆಂದಾಗ ಕೊಡಲು ಅರ್ಹರೇ ಇರುವುದಿಲ್ಲ. ಅರವತ್ತು ಜನರ ತಂಡವಾದರೆ ಹದಿನೈದರಂತೆ ನಾಲ್ಕು ಗುಂಪು ಮಾಡಿ, ತಿಂಗಳಿಗೊಂದು ಗುಂಪು ಕಳುಹಿಸಿ. ಯಾವ ವಾರ ಬರಲಿ ಎಂದು ರಕ್ತನಿಧಿಯವರನ್ನೇ ಕೇಳಿ.

ಕ್ರೀಡಾ ತಂಡಗಳು ಪಂದ್ಯ ಮುಗಿದ ಕೂಡಲೇ ಮೈದಾನದಲ್ಲೇ ಶಿಬಿರ ಇಡುವುದುಂಟು. ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಬೆವರಿ ನೀರಿಳಿದ ಮೈಯಿಂದ ರಕ್ತ ತೆಗೆದರೆ ತಲೆ ಸುತ್ತದೆ ಇದ್ದೀತೇ? ಕೊಡುವ ಮೊದಲು ಅರ್ಧ ಲೀಟರ್ ನೀರು ಕುಡಿಯಲಿ, ಕೊಟ್ಟ ಮೇಲೆ ಹದಿನೈದು ನಿಮಿಷ ಕೂತಿರಲಿ, 24 ಗಂಟೆ ಕಠಿಣ ವ್ಯಾಯಾಮ ಬೇಡ. ಮೊದಲ ಸಲ ಕೊಡುವ, ತೂಕ ಕಡಿಮೆ ಇರುವ ಎಳೆಯರೇ ಹೆಚ್ಚು ಬೀಳುವುದು. ಬೀಳುವುದೂ ಹಾಸಿಗೆಯ ಮೇಲಲ್ಲ, ಎದ್ದು ಹೊರಟಾಗ, ಮೆಟ್ಟಿಲಿನಲ್ಲಿ, ಶೌಚಾಲಯದಲ್ಲಿ. ರಕ್ತ ಕೊಡುವ ವಯಸ್ಸಾಗದ ಸದಸ್ಯರನ್ನು ಕೊಟ್ಟವರ ಜೊತೆಗೆ ನಡೆಯುವ ಕೆಲಸಕ್ಕೆ ಹಾಕಬಹುದು.

ಗೋಡೆಗೆ ಬಣ್ಣ ಬಳಿಯುವವರು ಎರಡು ವಿಷಯ ನೋಡಿಕೊಂಡರೆ ಸಾಕು. ಹೊಸ ಸಿಮೆಂಟ್ ಗಾರೆ 28 ದಿನ ಒಣಗುವ ಮೊದಲು, ಅಥವಾ ಬಿಳಿ ಉಪ್ಪು ಮೂಡಿದ ತೇವದ ಗೋಡೆಗೆ ಬಣ್ಣ ಹಚ್ಚಿದರೆ ಮುಂದಿನ ಮಳೆಗೇ ಹಪ್ಪಳದಂತೆ ಏಳುತ್ತದೆ. ಸೋರುವ ಪೈಪು ಮೊದಲು, ಬಣ್ಣ ಆಮೇಲೆ. ಇನ್ನೊಂದು, ಹಳೆಯ ಶಾಲೆಯ ಬೆಂಚು ಕಿಟಕಿಗಳ ಬಣ್ಣದಲ್ಲಿ ಸೀಸ ಎಂಬ ವಿಷಲೋಹ ಇರುವ ಸಾಧ್ಯತೆ ಇದೆ. ಒಣಗಿದ ಮರಳು ಕಾಗದದಿಂದ ಉಜ್ಜಿ ಧೂಳೆಬ್ಬಿಸಿದರೆ ನಾವು ಮಾಡಿದ ಉಪಕಾರ ಮಕ್ಕಳ ಹೊಟ್ಟೆ ಸೇರುತ್ತದೆ. ನೀರು ಹಚ್ಚಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಕಟ್ಟಿ ಹಾಕಿ. ಆ ಹೊತ್ತಿಗೆ ಮಕ್ಕಳು ಸುತ್ತ ಇರಬಾರದು.

ಮಕ್ಕಳಿಗೆ ಪಾಠ ಹೇಳುವ ತಂಡಗಳ ಬಗ್ಗೆ ಹೇಳುವುದು ಸ್ವಲ್ಪವೇ. ಒಂದು ಶೈಕ್ಷಣಿಕ ಅವಧಿ ಪೂರ್ತಿ ಬರಲು ಆಗದಿದ್ದರೆ ಶುರು ಮಾಡಬೇಡಿ. ಮೂರು ವಾರ ಬಂದು ನಾಲ್ಕನೇ ವಾರ ಮಾಯವಾಗುವ ಅಕ್ಕ ಅಣ್ಣಂದಿರನ್ನು ಮಕ್ಕಳು ಬಾಗಿಲಲ್ಲಿ ನಿಂತು ಕಾಯುತ್ತಾರೆ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ, ಹೆತ್ತವರು ಒಪ್ಪದೆ ಮಕ್ಕಳ ಫೋಟೊ ಎಲ್ಲಿಗೂ ಹೋಗದಿರಲಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಜೂನ್ 5ರಂದು ಹೊಸ ಚಿತ್ರ ಹಾಕುವ ಮೊದಲು, ಕಳೆದ ವರ್ಷ ನೀವೇ ಅಚ್ಚು ಹಾಕಿದ ಚಿತ್ರದ ಜಾಗಕ್ಕೆ ವರದಿಗಾರರನ್ನು ಕಳುಹಿಸಿ. ಹಳೆಯ ಚಿತ್ರ, ಈಗಿನ ಚಿತ್ರ, ಕೆಳಗೆ ಎರಡೇ ಸಂಖ್ಯೆ: ನೆಟ್ಟದ್ದು ಎಷ್ಟು, ಬದುಕಿದ್ದು ಎಷ್ಟು. ಒಂದು ವರ್ಷ ಹಾಗೆ ಮಾಡಿ ನೋಡಿ, ಮರುವರ್ಷ ತಂಡಗಳು ನರ್ಸರಿಯಲ್ಲಿ ಕೇಳುವ ಸಸಿಗಳ ಸಂಖ್ಯೆ ತಾನಾಗಿ ಇಳಿಯುತ್ತದೆ, ನೀರಿನ ಸರದಿಯ ಪಟ್ಟಿ ತಾನಾಗಿ ಉದ್ದವಾಗುತ್ತದೆ.

ಎಣಿಸಲು ಹೋದವರಿಗೆ ಒಂದು ಸೂಚನೆ. ಎಲೆ ಉದುರಿ ಕಡ್ಡಿಯಾಗಿ ನಿಂತ ಸಸಿಯನ್ನು ಸತ್ತ ಲೆಕ್ಕಕ್ಕೆ ಸೇರಿಸುವ ಮೊದಲು, ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕಾಳಿನಷ್ಟು ಅಗಲ ಕೆರೆದು ನೋಡಲಿ. ಒಳಗೆ ಕಂದಾಗಿದ್ದು ಮುಟ್ಟಿದರೆ ಒಣಗಿದ್ದರೆ ಇನ್ನೂ ಬುಡದ ಕಡೆ ಕೆರೆಯಲಿ. ಎಲ್ಲಾದರೂ ಹಸಿರು, ಪಸೆ ಕಂಡರೆ ಅದು ಬದುಕಿದೆ. ಅದನ್ನು ಲೆಕ್ಕಕ್ಕೆ ಸೇರಿಸಿ, ಹೊರಡುವ ಮೊದಲು ಬುಡಕ್ಕೊಂದು ಬಕೆಟ್ ನೀರು ಹಾಕಿ ಬರಲಿ.

ಇಂತಿ,
ಯುವ ತಂಡಗಳ ಸೇವಾ ಕೆಲಸಗಳಲ್ಲಿ ತೊಡಗಿರುವ ಓದುಗರು