ಹೆಬ್ಬಟ್ಟು ಹತ್ತದಿದ್ದರೂ ಅಕ್ಕಿ ಕೊಡಿಸಿ: ಆಹಾರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆಹಾರ ಸಚಿವರೇ, ನಮಸ್ಕಾರ.

ರಾಯಚೂರು ಜಿಲ್ಲೆಯ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಓಣಿಯಲ್ಲಿ ಒಬ್ಬ ಅವ್ವ ಇದ್ದಾರೆ. ಎಪ್ಪತ್ತು ದಾಟಿದೆ. ಮಗ, ಸೊಸೆ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಅವ್ವನದು ಒಂಟಿ ಹೆಸರಿನ ಬಿಪಿಎಲ್ ಕಾರ್ಡ್.

ಹೋದ ತಿಂಗಳು ಅವರ ಜೊತೆ ನಾನೂ ನ್ಯಾಯಬೆಲೆ ಅಂಗಡಿಗೆ ಹೋಗಿದ್ದೆ. ಯಂತ್ರದ ಮೇಲೆ ಅವ್ವ ಹೆಬ್ಬಟ್ಟು ಒತ್ತಿದರು, ಹತ್ತಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಯಾರೋ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿದರು. ಹತ್ತೂ ಬೆರಳು ಆಯಿತು. ನಲವತ್ತು ವರ್ಷ ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ ಬೆರಳು ಸರ್ ಅವು. ಗೆರೆ ಎಲ್ಲಿ ಉಳಿದಿರುತ್ತೆ? ಒಟಿಪಿ ಆದರೂ ನಡೆಯುತ್ತೆ ಅಂದರು. ಆ ನಂಬರ್ ಇರೋದು ಮಗನ ಹತ್ತಿರ. ಅವನು ಕಟ್ಟಡದ ಕೆಲಸದಲ್ಲಿ ಇದ್ದ, ಫೋನ್ ಎತ್ತಲಿಲ್ಲ. 'ನಾಳೆ ಬಾ ಅಂತಾರಪ್ಪ' ಅಂತ ಅವ್ವ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಮರುದಿನ ಸರ್ವರ್ ಇರಲಿಲ್ಲ. ಆ ವಾರ ಪಕ್ಕದ ಮನೆಯಿಂದ ಜೋಳ ಕೈಗಡ ತಂದು ರೊಟ್ಟಿ ಬಡಿದುಕೊಂಡರು.

ಸರ್, ಇದಕ್ಕೆ ದಾರಿ ಮೊದಲೇ ಇದೆ. 2017ರ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿತ್ತು. ಆಧಾರ್ ಇಲ್ಲ, ಬೆರಳಚ್ಚು ಹೊಂದಲಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ರೇಷನ್ ತಪ್ಪಿಸಬಾರದು, ಅಂಥವರ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದುಕೊಂಡು ಧಾನ್ಯ ಕೊಡಬೇಕು ಅಂತ. 2013ರ ಆಹಾರ ಭದ್ರತಾ ಕಾಯ್ದೆಯ 8ನೇ ಕಲಮು ಇನ್ನೂ ಮುಂದೆ ಹೋಗುತ್ತೆ: ಸಿಗಬೇಕಾದ ಧಾನ್ಯ ಸಿಗದಿದ್ದರೆ ರಾಜ್ಯ ಸರ್ಕಾರ ಅದರ ಬದಲು ಭತ್ಯೆ ಕೊಡಬೇಕು. ಅವ್ವನಿಗೆ ಈ ಎರಡರಲ್ಲಿ ಒಂದನ್ನೂ ಯಾರೂ ಹೇಳಲಿಲ್ಲ. ಆ ಪುಸ್ತಕವನ್ನು ನಾನಂತೂ ಕಣ್ಣಾರೆ ಕಂಡಿಲ್ಲ.

ಕೂಲಿಯವರ ಕಷ್ಟ ಇನ್ನೊಂದು ಥರ, ರೇಷನ್ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಗುತ್ತೆ. 2023ರಲ್ಲಿ ಅಕ್ಕಿ ಸಿಗದೆ ಹಣ ಹಾಕಿದಾಗ ಸರ್ಕಾರವೇ ಕೆಜಿಗೆ 34 ರೂಪಾಯಿ ಲೆಕ್ಕ ಹಿಡಿದಿತ್ತು. ಒಬ್ಬರಿಗೆ ತಿಂಗಳಿಗೆ 10 ಕೆಜಿ ಅಂದರೂ 340 ಆಯಿತು. ನಮ್ಮ ರಾಜ್ಯದಲ್ಲಿ 2025-26ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ದಿನ ಸುಮ್ನೆ ಸಾಲಿನಲ್ಲಿ ನಿಂತು ಬಂದರೆ, ಒಬ್ಬರ ತಿಂಗಳ ಅಕ್ಕಿಗಿಂತ ಜಾಸ್ತಿ ದುಡ್ಡು ಹೋಯಿತು ಅಲ್ವಾ?

ರಾಜ್ಯ ಸರ್ಕಾರ ಸೇರಿಸಿ ಕೊಡುವ ಹೆಚ್ಚುವರಿ ಅಕ್ಕಿಯ ಬದಲು ಇಂದಿರಾ ಕಿಟ್ ಕೊಡಬೇಕು ಅಂತ 2025ರ ಅಕ್ಟೋಬರ್‌ನಲ್ಲಿ ಸಂಪುಟ ತೀರ್ಮಾನಿಸಿತು. ಬೇಳೆ, ಎಣ್ಣೆ ಕೊಡೋದು ಒಳ್ಳೆಯ ಯೋಚನೆ, ಬರೀ ಅನ್ನ ಉಂಡು ಮೈಗೆ ಏನು ಹತ್ತುತ್ತೆ? ಆದರೆ ಬೇಳೆಗೂ ಅದೇ ಯಂತ್ರ, ಅದೇ ಹೆಬ್ಬಟ್ಟು.

ನಾನು ಕೇಳೋದು ದೊಡ್ಡದೇನಲ್ಲ. ಪ್ರತಿ ಅಂಗಡಿಯಲ್ಲೂ ಆ ಪುಸ್ತಕ ಎಲ್ಲರಿಗೂ ಕಾಣುವ ಹಾಗೆ ಇರಲಿ. ಯಂತ್ರ ಹತ್ತದಿದ್ದರೆ ಹೆಸರು ಬರೆದು ಅವತ್ತೇ ಅಕ್ಕಿ ಅಳೆದು ಕೊಡಲಿ. ಒಂಟಿ ಮುದುಕರ ಪರವಾಗಿ ಓಣಿಯವರೊಬ್ಬರು ರೇಷನ್ ತರೋದಕ್ಕೆ ಅವಕಾಶ ಆಗಲಿ. ಅಂಗಡಿ ಯಾವ ದಿನ ತೆರೆದಿರುತ್ತೆ ಅಂತ ಮುಂಚೆಯೇ ಡಂಗುರ ಹೊಡೆಸಲಿ. ತಿಂಗಳ ಸಭೆಯಲ್ಲಿ ಅಧಿಕಾರಿಗಳನ್ನು ನೀವೇ ಕೇಳಿ: ಈ ಸಲ ಎಷ್ಟು ಹೆಸರು ಬರೆದಿರಿ? ಒಂದೂ ಇಲ್ಲ ಅಂದರೆ ದಯವಿಟ್ಟು ಸಮಾಧಾನ ಪಡಬೇಡಿ. ಅಲ್ಲಿ ಯಾರೂ ಬರೆಯುತ್ತಿಲ್ಲ ಅಂತ ತಿಳಿಯಿರಿ.

ನಮ್ಮ ಜಿಲ್ಲೆಗೆ ಬಂದಾಗ ಮುಂಚೆ ಹೇಳದೆ ಒಂದು ಅಂಗಡಿಗೆ ಹೋಗಿ ಆ ಪುಸ್ತಕ ತೋರಿಸಿ ಅನ್ನಿ. ಸಾಲಿನಲ್ಲಿ ಅವ್ವ ಇದ್ದರೆ ಅವರ ಬೆರಳನ್ನೂ ಒಮ್ಮೆ ಹಿಡಿದು ನೋಡಿ.

ಇಂತಿ,
ರಾಯಚೂರು ಜಿಲ್ಲೆಯ ಒಬ್ಬ ಹಳ್ಳಿಯವ